ನಾಯಿಯ ಉಣ್ಣಿಗೆ ಟೊಮೇಟೊ ಔಷಧಿಯೇ?

ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿಂದೀಚೆಗೆ ಕೆ.ಜಿ.ಎಫ್.ನ ಪರಿಸರವೆಂದರೆ ಸೈನೈಡ್ ದಿಬ್ಬ ಎಂಬಲ್ಲಿಗೆ ನಮ್ಮ ಚರ್ಚೆ ನಿಂತುಬಿಟ್ಟಿದೆ. ದಿಬ್ಬದ ಧೂಳು ಸುಳ್ಳಲ್ಲ. ಗಾಳಿಗಾಲದಲ್ಲಿ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳ ಲೈನು ಮನೆಗಳಲ್ಲಿರುವವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೂದಲುದುರಿದ ಬೀದಿನಾಯಿಯನ್ನು ಕಂಡು "ಎಲ್ಲ ಸೈನೈಡ್ ಮಹಿಮೆ" ಎಂದು ನಿಟ್ಟುಸಿರಿಟ್ಟು ಮುಂದೆ ಸಾಗುವುದು ಪರಿಸರ ಪ್ರಜ್ಞೆಯಲ್ಲ, ಸೋಮಾರಿತನ. ಕಿವಿಯ ಅಂಚಿನಲ್ಲೂ ಮೊಣಕೈಯಲ್ಲೂ ಕೂದಲುದುರಿ, ಚರ್ಮ ದಪ್ಪಗಟ್ಟಿ, ಎಡೆಬಿಡದೆ ಕೆರೆದುಕೊಳ್ಳುವ ನಾಯಿಗೆ ಬಹುಮಟ್ಟಿಗೆ ಬಂದಿರುವುದು ಕಜ್ಜಿ. ಅದಕ್ಕೆ ಕಾರಣ ಬರಿಗಣ್ಣಿಗೆ ಕಾಣದ ನುಸಿ. ಪಶುವೈದ್ಯರ ಬಳಿ ಅದಕ್ಕೆ ಔಷಧಿಯಿದೆ. ಗ್ಯಾರೇಜಿನ ಹಳೆಯ ಎಣ್ಣೆಯಾಗಲಿ ಸೀಮೆಎಣ್ಣೆಯಾಗಲಿ ಆ ಔಷಧಿಯಲ್ಲ. ಅವು ಚರ್ಮವನ್ನು ಸುಡುತ್ತವೆ, ನಾಯಿ ಮೈ ನೆಕ್ಕಿದಾಗ ಹೊಟ್ಟೆಗೂ ಸೇರುತ್ತವೆ.

ಬಂಗಾರಪೇಟೆಯ ಆಚೆ, ಬೂದಿಕೋಟೆ, ಕಾಮಸಮುದ್ರದ ಬೆಟ್ಟದ ತಪ್ಪಲಿನ ಹಳ್ಳಿಗಳಿಗೆ ಬಂದರೆ ತಪ್ಪಿನ ರೂಪ ಬೇರೆ, ಅಪಾಯ ಹೆಚ್ಚು. ಟೊಮೇಟೊ ಎಲೆಯಲ್ಲಿ ಒಂದು ಚುಕ್ಕೆ ಕಂಡರೂ ಕೋಲಾರದವರೆಗೆ ಓಡುವ ನಮ್ಮ ರೈತ, ನಾಯಿಯ ಕಿವಿಯೊಳಗೆ ಉಣ್ಣಿ ಗೊಂಚಲುಗಟ್ಟಿದಾಗ ಮಾತ್ರ ಮನೆಯ ಮೂಲೆಯಲ್ಲಿ ಉಳಿದ ಕೀಟನಾಶಕದ ಡಬ್ಬಿಗೆ ಕೈಹಾಕುತ್ತಾನೆ. "ಹುಳ ಸಾಯಿಸುವುದು ತಾನೇ?" ಎಂಬುದು ಅವನ ತರ್ಕ. ಔಷಧಿ ಅಂಗಡಿಯವರು ಈ ತರ್ಕವನ್ನು ತಿದ್ದುವುದಿಲ್ಲ. ಬೆಳೆಗೆ ವಿಷ ಶಿಫಾರಸು ಮಾಡುವ ನಮ್ಮ ಕೃಷಿ ವಿಜ್ಞಾನಿಗಳ ವೃತ್ತಿ ಇದನ್ನು ತನ್ನ ಹೊಣೆಯೆಂದು ಇದುವರೆಗೆ ಭಾವಿಸಿಲ್ಲ. ಡಬ್ಬಿಯ ಮೇಲಿನ ಕೆಂಪು, ಹಳದಿ ಗುರುತುಗಳು ಅಲಂಕಾರಕ್ಕಲ್ಲ, ವಿಷದ ತೀವ್ರತೆಯನ್ನು ತಿಳಿಸಲು.

ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫೇಟ್ ವಿಷ ಚರ್ಮದ ಮೂಲಕವೇ ದೇಹವನ್ನು ಸೇರುತ್ತದೆ. ಕೆಲವೇ ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ನಾಯಿ ಜೊಲ್ಲು ಸುರಿಸುತ್ತದೆ, ವಾಂತಿ ಭೇದಿಯಾಗುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಮೈ ನಡುಗಿ ಕಾಲುಗಳು ತಡವರಿಸುತ್ತವೆ. ಆಗ ಊರಿನವರಿಗೆ ಕಾಣುವುದು ಜೊಲ್ಲು ಮಾತ್ರ. "ಹುಚ್ಚು ಹಿಡಿದಿದೆ" ಎಂಬ ಕೂಗೆದ್ದರೆ ದೊಣ್ಣೆ ಬಂದಂತೆಯೇ. ಪಶುವೈದ್ಯರ ಅಟ್ರೊಪಿನ್ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕಿದ್ದರೆ ಬದುಕಬಹುದಾಗಿದ್ದ ಪ್ರಾಣಿಯನ್ನು, ವಿಷ ಬಳಿದವರೇ ಬಡಿದು ಕೊಲ್ಲುತ್ತಾರೆ.

ಇದಕ್ಕೆ ತದ್ವಿರುದ್ಧವಾದ ತಪ್ಪು ಇನ್ನೂ ಘೋರವಾದುದು. ನಿಜವಾದ ರೇಬೀಸ್ ಯಾವಾಗಲೂ ರೋಷದಿಂದ ಓಡಾಡುವುದಿಲ್ಲ. ಕೆಲವು ನಾಯಿಗಳು ಕತ್ತಲೆಯ ಮೂಲೆ ಹಿಡಿಯುತ್ತವೆ, ಬೊಗಳುವ ದನಿ ಬದಲಾಗುತ್ತದೆ, ದವಡೆ ಜೋತುಬೀಳುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈಹಾಕುವವರಿದ್ದಾರೆ. ವಿಷವೋ ರೇಬೀಸೋ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ದೂರವಿದ್ದು ಪಶುವೈದ್ಯರನ್ನು ಕರೆಸಿ. ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಗುಲಿದ್ದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ, ಅರಿಶಿನ ಬೇಡ. ಲಕ್ಷಣ ಕಾಣಿಸಿದ ಮೇಲೆ ಬದುಕುಳಿದವರು ಬೆರಳೆಣಿಕೆಯಷ್ಟು. 1885ರಲ್ಲಿ ಪಾಶ್ಚರ್ ಲಸಿಕೆ ಕೊಟ್ಟ ರೋಗವಿದು. ಇಂದಿಗೂ ಜನ ಸಾಯುತ್ತಿದ್ದಾರೆಂದರೆ ಕೊರತೆ ವಿಜ್ಞಾನದ್ದಲ್ಲ.

ಬೆಕ್ಕಿನ ಪಾಡು ಇನ್ನೂ ಕಡೆ. ಜ್ವರವೆಂದು ಮನೆಯ ಪ್ಯಾರಾಸಿಟಮಾಲ್ ಕೊಡುತ್ತೇವೆ. ಒಂದೇ ಗುಳಿಗೆ ಅದರ ಪ್ರಾಣ ತೆಗೆಯಬಲ್ಲದು. ನಾಯಿಗೆಂದು ಮಾಡಿದ ಪರ್ಮೆಥ್ರಿನ್ ಉಣ್ಣಿಮದ್ದೂ ಅದಕ್ಕೆ ವಿಷವೇ.

"ದನಕ್ಕೇ ವೈದ್ಯರು ಸಿಗುವುದಿಲ್ಲ, ನಾಯಿಬೆಕ್ಕಿನ ಚಾಕರಿ ಪೇಟೆಯವರ ಶೋಕಿ" ಎನ್ನುವ ಮಿತ್ರರಿದ್ದಾರೆ. ಹಾಲಿನ ಜಿಲ್ಲೆಯಲ್ಲಿ ಹಾಲು ಕೊಡದ ಪ್ರಾಣಿ ಲೆಕ್ಕಕ್ಕಿಲ್ಲ ಎಂಬುದು ಇದರ ತಾತ್ಪರ್ಯ. ಆದರೆ ನಾಯಿಯ ಕಾಯಿಲೆ ಅಂಗಳದಲ್ಲಿ ನಿಲ್ಲುವುದಿಲ್ಲ. ಕಜ್ಜಿಯ ನುಸಿ ಜೊತೆಗಾಡುವ ಮಕ್ಕಳಿಗೂ ತುರಿಕೆ ತರುತ್ತದೆ. ಗುಡ್ಡದ ನರಿಗೂ ನಾಯಿಗೂ ರೇಬೀಸ್, ಡಿಸ್ಟೆಂಪರ್ ಎರಡೂ ಸಮಾನ. 2018ರಲ್ಲಿ ಗಿರ್ ಅರಣ್ಯದಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಅವುಗಳಲ್ಲಿ ಕಂಡುಬಂದದ್ದು ಇದೇ ಡಿಸ್ಟೆಂಪರ್ ವೈರಾಣು. ಕಾಡಿನ ಬಗ್ಗೆ ಭಾಷಣ ಮಾಡುವ ನಾವು ಕಾಡಂಚಿನ ನಾಯಿಗೆ ಲಸಿಕೆ ಹಾಕಿಸದಿದ್ದರೆ ಆ ಭಾಷಣಕ್ಕೇನು ಬೆಲೆ?

ಶೇಕಡಾ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ರೇಬೀಸಿನ ಸರಪಳಿ ತುಂಡಾಗುತ್ತದೆಂಬುದು ಜಗತ್ತೇ ಒಪ್ಪಿದ ಲೆಕ್ಕ. ಬೀದಿನಾಯಿಗಳ ಸಂತಾನಹರಣ, ಲಸಿಕೆಗಳ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆಯೇ ಹೊರಿಸಿವೆ. ಸಾಕುನಾಯಿಯದು ಮನೆಯವರ ಹೊಣೆ: ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ರಕ್ತಭೇದಿಯಿಂದ ಮರಿಗಳನ್ನು ಕೊಲ್ಲುವ ಪಾರ್ವೊ ಲಸಿಕೆಯನ್ನು ಅದಕ್ಕೂ ಮೊದಲು, ಆರೆಂಟು ವಾರಕ್ಕೇ ಆರಂಭಿಸಬೇಕು.

ಆದರೆ ಬೆಳಗಿನ ಜಾವದ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರು ಹಗಲಿನ ಪಶುಚಿಕಿತ್ಸಾಲಯಕ್ಕೆ ನಾಯಿಯನ್ನು ಕರೆದೊಯ್ಯುವುದು ಯಾವಾಗ? ಆದ್ದರಿಂದ ನಗರಸಭೆಯನ್ನೂ ಗ್ರಾಮ ಪಂಚಾಯಿತಿಗಳನ್ನೂ ನಾವು ಕೇಳಬೇಕಾದುದು ಭಾನುವಾರದ ಲಸಿಕಾ ಶಿಬಿರವನ್ನು, ಲೈನು ಮನೆಗಳ ಬಾಗಿಲಲ್ಲೇ. ವಿದ್ಯಾರ್ಥಿಗಳು ಈ ತಿಂಗಳೇ ತಮ್ಮ ಬೀದಿಯ ನಾಯಿಗಳನ್ನು ಎಣಿಸಿ, ಲಸಿಕೆಯಾದವು ಎಷ್ಟು, ಆಗದವು ಎಷ್ಟು ಎಂದು ಬರೆದು, ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಹೇಳಲಿ.