ಫಲಕದಲ್ಲಿ ಅಡಗಿದ ಮಾತು

2018ರಲ್ಲಿ ತೆರೆಕಂಡ, ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರವನ್ನು ನಾವೆಲ್ಲ ನೋಡಿ ನಕ್ಕವರೇ. ಹೆಸರಿನಲ್ಲೇ ಅಡಗಿದ್ದ ಸಂಗತಿ ಗಮನಕ್ಕೆ ಬಂದುದು ಮಾತ್ರ ತಡವಾಗಿ.

‘ಕೊಡುಗೆ’ ನಮಗೆ ಹೊಸತಲ್ಲ. ಬೆಂಚು, ಫ್ಯಾನು, ನೀರಿನ ಟಾಂಕಿಗಳ ಮೇಲಿನ ದಾನಿಗಳ ಹೆಸರು ಓದಿಯೇ ನಮ್ಮ ಮಕ್ಕಳು ಅಕ್ಷರ ಕೂಡಿಸಲು ಕಲಿಯುವುದು! ಆದರೆ ‘ಹಿ.ಪ್ರಾ.’ ಅಂದರೆ ಹಿರಿಯ ಪ್ರಾಥಮಿಕ. ಈ ಗಿಡ್ಡ ಹೆಸರು ತಲಪಾಡಿಯಾಚೆಯ ರೂಢಿ. ನಮ್ಮ ಬಾಯಲ್ಲಿ ಅದು ಯು.ಪಿ. ಶಾಲೆ. 1956ರ ನವೆಂಬರ 1ರಂದು ಗಡಿ ಬೇರೆಡೆ ಬಿದ್ದಿದ್ದರೆ ನಮ್ಮ ಶಾಲೆಗಳ ಮೇಲೆ ಇರುತ್ತಿದ್ದ ಬರಹವನ್ನೇ ಚಿತ್ರದವರು ಹೆಸರಾಗಿ ಇಟ್ಟಿದ್ದಾರೆ.

ಕನ್ನಡ ಮಕ್ಕಳಿಗೆ ಗಣಿತ ಕಲಿಸಲು ಮಲಯಾಳ ಮಾತ್ರ ಬಲ್ಲ ಮಾಸ್ತರರು ಬರುವ ಪ್ರಸಂಗ ಬೆಂಗಳೂರಿನವರಿಗೆ ಹಾಸ್ಯ; ನಮ್ಮ ಎಷ್ಟೋ ತರಗತಿಗಳು ಅದನ್ನು ಅನುಭವಿಸಿವೆ. ಅಂತಹವರ ಕಿವಿಗೆ ‘ಹಾಜರಿ ಪಟ್ಟಿ’ ಎಂದರೆ ನಾಯಿಯೇ ಬೊಗಳೀತು, ಮಲಯಾಳದಲ್ಲಿ ಪಟ್ಟಿ ನಾಯಿಯಲ್ಲವೇ? ಇಂತಹ ನಗೆಯನ್ನು ವಿವರಣೆಯಿಲ್ಲದೆ ಹಿಡಿಯುವವರು ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು. ಅವರನ್ನು ಕನ್ನಡ ಶಾಲೆಯಿಂದ ಬಿಡಿಸಲು ಹೊರಟ ಹೆತ್ತವರು ಈ ಚಿತ್ರವನ್ನು ಇನ್ನೊಮ್ಮೆ, ಮಕ್ಕಳ ಪಕ್ಕದಲ್ಲಿ ಕುಳಿತು ನೋಡಲಿ. ಅವರು ಎಲ್ಲೆಲ್ಲಿ ನಗುತ್ತಾರೆಂದು ಗಮನಿಸಲಿ.