ರಸ್ತೆಯಾಗದ ಭೂಮಿಯ ವಿಷಯದಲ್ಲಿ ಮಹಾಜನರಿಗೆ ವಿಜ್ಞಾಪನೆ



ಬೆಂಗಳೂರನ್ನೂ ಮೈಸೂರನ್ನೂ ಕೂಡಿಸುವ 111 ಕಿಲೋಮೀಟರ್ ಹೆದ್ದಾರಿಯನ್ನೂ ಅದರ ಮಗ್ಗುಲಿಗೆ ಐದು ಉಪನಗರಗಳನ್ನೂ ನಿರ್ಮಿಸುವ ಉದ್ದೇಶದಿಂದ ಕರ್ನಾಟಕ ಸರ್ಕಾರವು 1997ರ ಏಪ್ರಿಲ್ ತಿಂಗಳಲ್ಲಿ ಖಾಸಗಿ ಸಂಸ್ಥೆಯೊಂದರೊಡನೆ ಒಡಂಬಡಿಕೆ ಮಾಡಿಕೊಂಡು, 20,193 ಎಕರೆ ಭೂಮಿಯನ್ನು ಒದಗಿಸಲು ಸಮ್ಮತಿಸಿದ ಸಂಗತಿ ತಮಗೆ ವಿದಿತವೇ ಆಗಿದೆ. ಅಂದಿನಿಂದ ಸಿದ್ಧವಾದುದು ಮುಖ್ಯವಾಗಿ ಹೊಸೂರು ರಸ್ತೆಯಿಂದ ತುಮಕೂರು ರಸ್ತೆಯವರೆಗೆ ರಾಜಧಾನಿಯನ್ನು ಬಳಸಿ ಸಾಗುವ, ಜನರು ನೈಸ್ ರಸ್ತೆಯೆಂದು ಕರೆಯುವ ಸುಮಾರು 41 ಕಿಲೋಮೀಟರ್ ಮಾರ್ಗ ಮತ್ತು ಅದರ ಕೂಡುರಸ್ತೆ. ಯಾವ ಹೆದ್ದಾರಿಯ ಹೆಸರಿನಲ್ಲಿ ಸಮಗ್ರ ಯೋಜನೆಗೆ ಲೋಕಹಿತದ ಮುದ್ರೆ ಬಿದ್ದಿತೋ ಆ ಹೆದ್ದಾರಿ ಬಹ್ವಂಶ ನಕ್ಷೆಯಲ್ಲಿಯೇ ಉಳಿದಿದೆ.

ರಸ್ತೆಯೇ ಬೇಡವೆಂಬುದು ನಮ್ಮ ವಾದವಲ್ಲ. ಲಾರಿಗಳು ಊರೊಳಗೆ ನುಗ್ಗದೆ ಹೊರಗಿನಿಂದಲೇ ಸಾಗುವಂತಾದ ಉಪಕಾರವನ್ನು ಅಲ್ಲಗಳೆಯುವುದು ಸತ್ಯಕ್ಕೆ ಅಪಚಾರವಾದೀತು. ಆದರೆ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಮೇರೆಗೆ ಅಧಿಸೂಚಿತವಾದ ಜಮೀನು, ಅತ್ತ ರಸ್ತೆಯೂ ಆಗದೆ ಇತ್ತ ಒಕ್ಕಲಿನ ಪೂರ್ಣಸ್ವತ್ತಾಗಿಯೂ ಉಳಿಯದೆ, ಮಾರಲಾಗದ, ಅಡವಿಟ್ಟರೆ ಸಾಲ ಹುಟ್ಟದ, ಕೊಳವೆಬಾವಿ ತೋಡಿಸಲೂ ಧೈರ್ಯವಾಗದ ತ್ರಿಶಂಕುಸ್ಥಿತಿಯಲ್ಲಿ ಒಂದು ತಲೆಮಾರನ್ನೇ ಕಳೆಯುವುದು ಯಾವ ನ್ಯಾಯ?

2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಡಂಬಡಿಕೆಯನ್ನು ಎತ್ತಿಹಿಡಿದುದನ್ನು ಕೆಲವರು ಮುಂದೊಡ್ಡುವರು. ಎತ್ತಿಹಿಡಿದುದು ನಿಜ, ಆದರೆ ಒಡಂಬಡಿಕೆಯೆಂಬುದು ಭೂಮಿ ಕೊಡುವವನನ್ನು ಕಟ್ಟುವಂತೆಯೇ ರಸ್ತೆ ಕಟ್ಟುವವನನ್ನೂ ಕಟ್ಟುತ್ತದೆ. ಅದೇ ನ್ಯಾಯಾಲಯವು 2025ರ ಜನವರಿಯಲ್ಲಿ, ಇದೇ ಯೋಜನೆಗೆ 2005ರಲ್ಲಿಯೇ ಜಮೀನು ಕಳೆದುಕೊಂಡು ಪರಿಹಾರಕ್ಕಾಗಿ ಕಾದಿದ್ದವರಿಗೆ 2019ರ ಮಾರುಕಟ್ಟೆ ಬೆಲೆಯಂತೆ ಹಣ ನಿಗದಿಪಡಿಸಬೇಕೆಂದು ವಿಧಿಸಿತು. ಮೇಲಾಗಿ, 2023ರ ಮಾರ್ಚ್ ತಿಂಗಳಲ್ಲಿ ಹಳೆಯ ಮೈಸೂರು ರಸ್ತೆಯೇ 118 ಕಿಲೋಮೀಟರ್ ಉದ್ದದ ವಿಶಾಲ ರಾಷ್ಟ್ರೀಯ ಹೆದ್ದಾರಿಯಾಗಿ ಉದ್ಘಾಟನೆಗೊಂಡಿತು. ಎರಡು ನಗರಗಳ ನಡುವಣ ಶೀಘ್ರಸಂಚಾರವೆಂಬ ಮೂಲ ಪ್ರಯೋಜನವು ಬೇರೆ ದಾರಿಯಿಂದ ಸಿದ್ಧಿಸಿದ ಮೇಲೆ, ಅದರ ಹೆಸರಿನಲ್ಲಿ ಸಾವಿರಾರು ಎಕರೆಯನ್ನು ಬಂಧನದಲ್ಲಿಡುವುದಕ್ಕೆ ಹೊಸದಾಗಿ ಕಾರಣ ಹೇಳುವ ಹೊಣೆ ಸರ್ಕಾರದ್ದೇ.

ಆದುದರಿಂದ ನಮ್ಮ ಬೇಡಿಕೆಗಳು ಇವು:

1. ಉಳಿದ ಹೆದ್ದಾರಿಯನ್ನು ಕಟ್ಟುವುದುಂಟೋ ಇಲ್ಲವೋ, ಉಂಟಾದರೆ ಎಂದಿನೊಳಗೆ ಎಂಬುದನ್ನು ಸರ್ಕಾರವು ಲಿಖಿತವಾಗಿ ಪ್ರಕಟಿಸಲಿ.

2. ರಸ್ತೆಗೆ ಅವಶ್ಯವಾದ ಜಮೀನಿನ ಸರ್ವೆ ನಂಬರುಗಳನ್ನು ಗ್ರಾಮವಾರು ಸಾರಿ, ಇನ್ನೂ ಸ್ವಾಧೀನಕ್ಕೆ ಪಡೆಯದ ಮಿಕ್ಕ ಭೂಮಿಯನ್ನು ಅಧಿಸೂಚನೆಯಿಂದ ಬಿಡಿಸಲಿ.

3. ಸ್ವಾಧೀನವಾಗಿಯೂ ಪರಿಹಾರ ಸಲ್ಲದ ಜಮೀನಿಗೆ ಇಂದಿನ ಬೆಲೆ ಕಟ್ಟಿಕೊಡಲಿ.

ತಮ್ಮ ಗ್ರಾಮಸಭೆಯಲ್ಲಿ ಈ ಮೂರನ್ನೂ ಠರಾವು ಮಾಡಿಸಿ, ಅದರ ಪ್ರತಿಯನ್ನು ತಹಶೀಲ್ದಾರರಿಗೂ ಶಾಸಕರಿಗೂ ತಲುಪಿಸಿ, ಸ್ವೀಕೃತಿಯನ್ನು ತಪ್ಪದೆ ಪಡೆದಿಟ್ಟುಕೊಳ್ಳಬೇಕೆಂದು ವಿನಂತಿ.