ಸಮುದ್ರಕ್ಕೆ ಹೋಗುವ ನೀರು ‘ವ್ಯರ್ಥ’ವಾ? ಒಮ್ಮೆ ಅಳಿವೆಬಾಗಿಲಿಗೆ ಬನ್ನಿ

ನಮ್ಮೂರು ನೆಟ್ಟಣ. ಹೊರಗಿನವರಿಗೆ ಹೇಳುವಾಗ ‘ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಉಂಟಲ್ಲ, ಅದೇ’ ಅನ್ನಬೇಕು, ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಘಟ್ಟ ಕಾಣುತ್ತದೆ, ಕಡಲು ಕಾಣುವುದಿಲ್ಲ. ಆದರೆ ಜುಲೈಯಲ್ಲಿ ನಮ್ಮ ತೋಟದ ತೋಡಿನಲ್ಲಿ ಹೋಗುವ ನೀರಿನ ದಾರಿ ಕಡಲಿಗೇ. ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ, ಬಂಟ್ವಾಳ, ತುಂಬೆ ದಾಟಿ, ಅದು ಮಂಗಳೂರಿನ ಅಳಿವೆಬಾಗಿಲು ಮುಟ್ಟುತ್ತದೆ.

ಎತ್ತಿನಹೊಳೆಯ ನೀರಿನ ದಾರಿಯೂ ಅದೇ ಇತ್ತು. ಗುಂಡ್ಯ ಹೊಳೆಯಾಗಿ ಇಳಿದು ಕುಮಾರಧಾರಾಕ್ಕೆ. ಈಗ ಅದರಲ್ಲಿ 24.01 ಟಿಎಂಸಿ ಎತ್ತಿ ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಯೋಜನೆ. 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಯಿತು. ವೆಚ್ಚ 23 ಸಾವಿರ ಕೋಟಿ ದಾಟಿದೆ. ಈ ಹತ್ತು ವರ್ಷಗಳಲ್ಲಿ ಪಕ್ಷಭೇದವಿಲ್ಲದೆ ಎಲ್ಲರ ಬಾಯಲ್ಲೂ ಕೇಳಿದ ಒಂದೇ ಮಾತು: ಹೇಗೂ ಸಮುದ್ರಕ್ಕೆ ವ್ಯರ್ಥವಾಗಿ ಹೋಗುವ ನೀರು.

ನಿಜ ಹೇಳುತ್ತೇನೆ, ಇಂಜಿನಿಯರಿಂಗ್ ಓದುವಾಗ ನಾನೂ ಹಾಗೇ ನಂಬಿದ್ದೆ. ನಮ್ಮ ಲೆಕ್ಕದಲ್ಲಿ ನದಿ ಅಂದರೆ ಪೈಪು. ತುದಿಯಲ್ಲಿ ಹೊರಗೆ ಬಿದ್ದದ್ದೆಲ್ಲ ಲಾಸ್.

ಈಗ ತುದಿಗೆ ಬನ್ನಿ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಫೆರಿ ಹತ್ತಿ. ಕೆಲವೇ ನಿಮಿಷದ ದಾರಿ, ಕೆಳಗೆ ಫಲ್ಗುಣಿ. ದಕ್ಷಿಣಕ್ಕೆ ಬೆಂಗ್ರೆಯ ಮರಳಿನ ನಾಲಗೆ, ಆಚೆ ಕಡಲು. ಬೆಂಗ್ರೆಯ ತುದಿಯಲ್ಲಿ ಫಲ್ಗುಣಿ, ನೇತ್ರಾವತಿ ಎರಡೂ ಸೇರಿ ಹೊರಬೀಳುವ ಜಾಗವೇ ಅಳಿವೆಬಾಗಿಲು. ಮೀನುಗಾರಿಕಾ ಬೋಟುಗಳು ಧಕ್ಕೆಯಿಂದ ಹೊರಡುವುದೂ ಇದೇ ಬಾಗಿಲಿನಿಂದ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ಭರತದ ಹೊತ್ತಿಗೆ ಕಡಲು ತಳದಲ್ಲಿ ಒಳನುಗ್ಗುತ್ತದೆ, ಹೊಳೆ ಮೇಲಿಂದ ಇಳಿಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಹೊಳೆ ಗೆಲ್ಲುತ್ತದೆ, ಏಪ್ರಿಲ್‌ನಲ್ಲಿ ಕಡಲು. ಈ ತಳ್ಳಾಟದಲ್ಲಿ ಉಂಟಾಗುವ ಸವುಳು ನೀರೇ ಇಲ್ಲಿನ ಬಂಡವಾಳ.

ಮರುವಾಯಿ ಬೆಳೆಯುವುದು ಆ ನೀರಿನಲ್ಲಿ. ಇಳಿತದ ಹೊತ್ತಿಗೆ ದೋಣಿ ನಿಲ್ಲಿಸಿ ಮುಳುಗಿ ಹೆಕ್ಕಿ ತರುವವರ ಸಂಸಾರ ನಡೆಯುವುದೂ ಅದರಲ್ಲೇ. ಸಿಗಡಿ ಮರಿಗಳು ಕಡಲಲ್ಲಿ ಹುಟ್ಟಿ, ಬೆಳೆಯಲು ಅಳಿವೆಗೆ ಬರುತ್ತವೆ. ಮಂಗಳೂರಿನ ಹೋಟೆಲುಗಳಲ್ಲಿ ರೇಟು ಕೇಳಿದರೆ ಹೌಹಾರುವ ಕಾಣೆ ಮೀನು ಅಳಿವೆಯ ಮರಳು ತಳವನ್ನೂ ನಂಬಿದೆ. ಕಾಂಡ್ಲಾ ಗಿಡಗಳ ಬೇರಿನ ನಡುವೆ ಏಡಿ, ಮೇಲೆ ಬೆಳ್ಳಕ್ಕಿ, ಗರುಡ. ಇನ್ನೊಂದು ಜೀವಿಯ ಬಗ್ಗೆ ಹೇಳಲೇಬೇಕು, ಅದು ನಮ್ಮ ಕಡೆಯದ್ದು: ಮಲೆಂಜಿ. ಹಾವಿನಂಥ ಮೀನು, ನಮ್ಮ ಹೊಳೆಯ ಕಲ್ಲುಪೊಟರೆಗಳಲ್ಲಿ ವರ್ಷಗಟ್ಟಲೆ ಇರುತ್ತದೆ. ಮೊಟ್ಟೆ ಇಡಲು ಮಾತ್ರ ಕಡಲಿಗೇ ಹೋಗಬೇಕು. ಅದರ ಮರಿಗಳು ವಾಪಸ್ ಬರುವುದೂ ಅಳಿವೆಯ ಮೂಲಕ, ದಾರಿಯಲ್ಲಿ ಸಿಗುವ ಒಂದೊಂದೇ ಅಣೆಕಟ್ಟು ದಾಟಿ.

ಈಗ ಲೆಕ್ಕ. ಯೋಜನಾ ವರದಿ ಪ್ರಕಾರ ನೀರೆತ್ತುವುದು ಜೂನ್‌ನಿಂದ ನವೆಂಬರ್ ನಡುವಿನ 139 ದಿನ. 24.01 ಟಿಎಂಸಿಯನ್ನು ಅಷ್ಟು ದಿನಕ್ಕೆ ಹಂಚಿದರೆ ಸರಾಸರಿ ಸುಮಾರು 2,000 ಕ್ಯೂಸೆಕ್. ಜುಲೈಯ ನೇತ್ರಾವತಿಗೆ ಇದು ಲೆಕ್ಕಕ್ಕೇ ಇಲ್ಲ, ಒಪ್ಪುತ್ತೇನೆ. ‘ಅಳಿವೆಯೇ ಒಣಗಿಹೋಗುತ್ತದೆ’ ಅನ್ನುವ ನಮ್ಮ ಕಡೆಯ ಭಾಷಣಗಳೂ ಉತ್ಪ್ರೇಕ್ಷೆಯೇ. ಆದರೆ ನವೆಂಬರ್‌ನಲ್ಲಿ? ಮಳೆ ನಿಂತು ಹೊಳೆ ಸೊರಗುವ ಹೊತ್ತು ಅದು, ಉಪ್ಪುನೀರು ಮೇಲೇರಲು ಶುರುವಾಗುವ ಹೊತ್ತು. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಈ ಹಳ್ಳಗಳ ಇಳುವರಿ 9.55 ಟಿಎಂಸಿ ಮಾತ್ರ ಅಂದಿತ್ತು. ಅವರು ಸರಿಯಿದ್ದರೆ ಗುರಿ ಮುಟ್ಟಲು ಕೊನೆಯ ವಾರಗಳಲ್ಲೂ ಪಂಪು ಓಡಿಸುವ ಒತ್ತಡ ಬರುತ್ತದೆ. ಸರ್ಕಾರ ಸರಿಯಿದ್ದರೆ ದಿನದ ಲೆಕ್ಕ ಹೊರಗಿಡಲು ಕಷ್ಟ ಏನು?

ಇನ್ನೂ ದೊಡ್ಡ ತಕರಾರು ಬೇರೆಯದು. ಕುಡಿಯುವ ನೀರಿನ ಯೋಜನೆ ಅನ್ನುವ ಕಾರಣಕ್ಕೆ ಇದಕ್ಕೆ 2006ರ ಅಧಿಸೂಚನೆಯಡಿ ಪರಿಸರ ಪರಿಣಾಮ ಅಧ್ಯಯನದ ಅನುಮತಿ ಬೇಕಾಗಲಿಲ್ಲ. ಕುಡಿಯಲು ಸುಮಾರು 14 ಟಿಎಂಸಿ, ಉಳಿದದ್ದು ಕೆರೆ ತುಂಬಿಸಲು ಅನ್ನುವುದು ಯೋಜನೆಯದ್ದೇ ಹಂಚಿಕೆ. ಅಂದರೆ ಘಟ್ಟದ ಎಂಟು ಒಡ್ಡುಗಳಿಗೂ ಮರುವಾಯಿ ಹೆಕ್ಕುವವರಿಗೂ ಸಂಬಂಧ ಉಂಟಾ ಅಂತ ಕೇಳಲು ಕಾನೂನು ಯಾರನ್ನೂ ಒತ್ತಾಯಿಸಲಿಲ್ಲ.

ಕೋಲಾರದವರ ಮೇಲೆ ಸಿಟ್ಟಿಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಹಾಳಾದವರ ಮುಂದೆ ಮರುವಾಯಿಯ ಕಥೆ ಹೇಳುವುದು ಸುಲಭವೂ ಅಲ್ಲ. ಹಾಗಂತ ಮಂಗಳೂರಿನವರು ಸಾಚಾ ಅಂತಲೂ ಅಲ್ಲ ಮಾರಾಯ್ರೆ. 2019, 2023ರ ಬೇಸಿಗೆಯಲ್ಲಿ ತುಂಬೆ ನೀರು ಸಾಲದೆ ನಗರದಲ್ಲಿ ರೇಷನ್ ಆಯಿತು. ಉಪ್ಪುನೀರು ತಡೆಯಲು ಹರೇಕಳ–ಅಡ್ಯಾರ್ ನಡುವೆ ಕಿಂಡಿ ಅಣೆಕಟ್ಟು ಬಂತು. ಹಲಗೆ ಹಾಕಿದ ಮೇಲೆ ಅದರಾಚೆ ಸವುಳು ನೀರಿಗೆ ಪ್ರವೇಶವಿಲ್ಲ. ಅಳಿವೆಯನ್ನು ಮೇಲಿಂದಲೂ ಕೆಳಗಿಂದಲೂ ಗಿಡ್ಡ ಮಾಡುತ್ತಿದ್ದೇವೆ. ಮೋಜಿಗೆ ಮಾತ್ರ ಅದು ಬೇಕು: ನದಿ ಉತ್ಸವ, ಕಯಾಕ್, ದಡದಲ್ಲಿ ವಾಕಿಂಗ್ ಪಥ, ರೀಲ್ಸ್. ಇದರಲ್ಲಿ ತಪ್ಪೇನಿಲ್ಲ, ನಾನೂ ಕಯಾಕ್ ಹುಟ್ಟು ಹಾಕಿದ್ದೇನೆ, ಭುಜ ಎರಡು ದಿನ ನೋವಿತ್ತು. ಆದರೆ ಟಿಕೆಟ್ ಮಾರುವ ನೀರಿನ ಉಪ್ಪು ಎಷ್ಟು ಅನ್ನುವ ಫಲಕ ಎಲ್ಲೂ ಕಾಣಲಿಲ್ಲ.

ನಾನು ಕೇಳುತ್ತಿರುವುದು ಯೋಜನೆ ನಿಲ್ಲಿಸಿ ಅಂತಲ್ಲ, ಆ ಹಂತ ದಾಟಿಯಾಗಿದೆ. ಒಡ್ಡುಗಳಲ್ಲಿ ದಿನಕ್ಕೆ ಎಷ್ಟು ಎತ್ತಿದರು, ಬಂಟ್ವಾಳದಲ್ಲಿ ಎಷ್ಟು ಹರಿಯಿತು, ಅಡ್ಯಾರ್‌ನ ಕೆಳಗೆ ಉಪ್ಪಿನಂಶ ಎಷ್ಟು? ಮೂರು ಅಂಕಿ, ಪ್ರತಿದಿನ, ಎಲ್ಲರಿಗೂ ಕಾಣುವ ಜಾಗದಲ್ಲಿ. ಹರಿವು ಇಂತಿಷ್ಟಕ್ಕಿಂತ ಇಳಿದರೆ ಪಂಪು ಬಂದ್ ಅನ್ನುವ ನಿಯಮ ಅದರ ಜೊತೆಗೆ. ಬಂಟ್ವಾಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಹೇಗೂ ಉಂಟು. ಉಳಿದೆರಡಕ್ಕೆ ಆರ್‌ಟಿಐ ಹಾಕಿದ್ದೇನೆ. ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ, ಬಾರದಿದ್ದರೆ ಅದನ್ನೂ.